ಬೆಳಗಿನ ಮೊದಲ ನೀರು

ನೀರಿನ ಇಲಾಖೆಯ ಅಧಿಕಾರಿ ಅಡುಗೆಮನೆಯ ನಲ್ಲಿಗೆ ಶೀಷೆ ಹಿಡಿದಿದ್ದರೆ ಶ್ರೀಕಂಠ ನಿಂತಲ್ಲಿ ನಿಲ್ಲಲಾರದೆ ಹಜಾರಕ್ಕೂ ಒಳಕ್ಕೂ ತಿರುಗುತ್ತಿದ್ದ. ಮನೆಗೆ ಅಜ್ಜ ಹಾಕಿಸಿದ್ದು ಸೀಸದ ಪೈಪು. ನೀರಿನಲ್ಲಿ ಸೀಸ ಸಿಕ್ಕರೆ ನೆಲವನ್ನೆಲ್ಲ ಅಗೆಸಿ ಪೈಪು ಬದಲಿಸಲೇಬೇಕೆಂದು ಹೊಸ ಕಾಯಿದೆ ಬಂದಿತ್ತು.

"ರಾತ್ರಿಯೆಲ್ಲ ಪೈಪಲ್ಲಿ ನಿಂತ ನೀರಿದೆಯಲ್ಲ, ಸೀಸ ಬಿಡೋದೇ ಅದರೊಳಗೆ. ಕಾಯಿಸಿದರೂ ಹೋಗಲ್ಲ, ಎಳೇ ಮಕ್ಕಳಿಗಂತೂ ಅದು ವಿಷ. ಬೆಳಗ್ಗೆಯಿಂದ ಯಾರೂ ನಲ್ಲಿ ತಿರುಗಿಸಿಲ್ಲ ತಾನೇ?"

"ಇಲ್ಲ ಸಾರ್, ಮುಟ್ಟೇ ಇಲ್ಲ."

ಅಧಿಕಾರಿಯ ಬೈಕು ಬೀದಿ ದಾಟುತ್ತಲೇ ಅವನು ಕೋಣೆಗೆ ಓಡಿದ. ಅಮ್ಮ ಅವನ ಕೂಸಿನ ತೊಟ್ಟಿಲು ತೂಗುತ್ತಿದ್ದಳು. ಎದ್ದ ತಕ್ಷಣ ಸುಮಾರು ಹೊತ್ತು ನಲ್ಲಿ ಬಿಡು ಎಂದಷ್ಟೇ ಹಿಂದಿನ ರಾತ್ರಿ ಅವಳಿಗೆ ಹೇಳಿದ್ದ. ಯಾಕೆಂದು ಹೇಳಿದರೆ ಅಧಿಕಾರಿಯ ಮುಂದೆ ಬಾಯಿಬಿಟ್ಟಾಳು ಎಂಬ ಭಯ.

"ಅಮ್ಮಾ, ಬೆಳಗ್ಗೆ ಎದ್ದ ತಕ್ಷಣ ನಲ್ಲಿ ಬಿಟ್ಟೆ ತಾನೇ?"

"ಬಿಟ್ಟೆ ಕಣೋ. ನೀ ಹೇಳ್ದಂಗೇ ಸುಮಾರು ಹೊತ್ತು ಬಿಟ್ಟು ನಿಲ್ಲಿಸ್ದೆ."

ಗೆದ್ದೆ ಅಂದುಕೊಂಡ. ಆದರೂ ಏನೋ ಕಸಿವಿಸಿ. ಹೋಗಿ ಬಚ್ಚಲು ನೋಡಿದ, ಹಿತ್ತಲು ನೋಡಿದ. ಎಲ್ಲೂ ಒದ್ದೆಯ ಗುರುತಿಲ್ಲ.

"ಅಷ್ಟು ನೀರು ಎಲ್ಲಿಗೆ ಚೆಲ್ಲಿದೆ?"

"ಚೆಲ್ಲೋದಾ? ಬೀದಿ ನಲ್ಲೀಲಿ ಒಂದು ಬಿಂದಿಗೆಗೆ ಬಡಿದಾಡಿದ ಜೀವ ಕಣೋ ನಂದು. ಎಲ್ಲಾ ಹಿಡಿದಿಟ್ಟೆ." ಅಮ್ಮ ತೊಟ್ಟಿಲೊಳಗಿನಿಂದ ಖಾಲಿ ಬಾಟಲಿ ತೆಗೆದಳು. "ಅದನ್ನೇ ಕಾಯಿಸಿ ಪಾಪೂಗೆ ಹಾಲಿನ ಪುಡಿ ಕಲಸಿದ್ದು. ಒಂದು ತೊಟ್ಟೂ ಬಿಡದೆ ಕುಡಿದಿದೆ ನೋಡು."