ತಡವಾಗಿ ಬಂದ ಪುಟ

“ನಿಧಾನವಾಗಿ ಒತ್ತಿದ್ರೆ ಏನೂ ಆಗಲ್ಲ. ಆತುರಗೇಡಿಗಳಿಗೆ ಮಾತ್ರ ಹಾಗಾಗೋದು!” ಮ್ಯಾನೇಜರ್ ಗದರಿದರು.

ಎದುರಿಗೆ ನಿಂತಿದ್ದವಳು ಕಂಪನಿಯ ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕಲೆಂದೇ ನೇಮಕವಾದವಳು. ಹುಡುಕಿ ಹೇಳುತ್ತಲೂ ಇದ್ದಳು. ಅದಕ್ಕೇ ಆಫೀಸಿನಲ್ಲಿ ಅವಳಿಗೆ ‘ಕೊಕ್ಕೆ ಮೇಡಂ’ ಎಂಬ ಬಿರುದು.

“ಸರ್, ಇಬ್ಬರು ನೌಕರರ ಹೆಸರು ಒಂದರ ಹಿಂದೊಂದು ಬೇಗ ಒತ್ತಿದ್ರೆ, ಮೊದಲನೆಯವರ ಪುಟ ತಡವಾಗಿ ಬಂದು ಎರಡನೆಯವರ ಪುಟದ ಮೇಲೆ ಕೂತ್ಕೊಳ್ಳುತ್ತೆ. ಹಾಗೆ ತಡವಾಗಿ ಬಂದ ಪುಟನ ಆಚೆ ಎಸೆ ಅಂತ ಪ್ರೋಗ್ರಾಂನಲ್ಲಿ ನಾಲ್ಕು ಸಾಲು ಬರೆಸಿದ್ರೆ ಸಾಕು. ಯಾವಾಗಿಂದ ಬಡ್ಕೋತಿದ್ದೀನಿ!”

ನಾಲ್ಕು ಸಾಲಿನ ಬದಲು ಮ್ಯಾನೇಜರ್ ಒಂದೇ ಸಾಲು ಬರೆಸಿ, ಕಂಡಕಂಡಲ್ಲಿ ಅಂಟಿಸಿದ್ದರು: ‘ಆತುರ ಬೇಡ, ನಿಧಾನವಾಗಿ ಒತ್ತಿ.’ ಈ ಮಹಾಕಾರ್ಯಕ್ಕೆ ಮೇಲಿನವರು ಸನ್ಮಾನವನ್ನೂ ಮಾಡಿದ್ದರು. ಅದರ ಫೋಟೋಗಳನ್ನೆಲ್ಲ ತುಂಬಿಸಿಕೊಂಡ ಅದೇ ಸಾಫ್ಟ್‌ವೇರ್‌ನಲ್ಲಿದ್ದ ಅವರ ಸ್ವಂತ ಪುಟ, ಪಾಪ, ಎದ್ದು ಬರುವುದಕ್ಕೇ ಒದ್ದಾಡುತ್ತಿತ್ತು.

“ಸಾಕಾಯ್ತಮ್ಮ ನಿನ್ನ ಕೊಕ್ಕೆ. ಇನ್ಮೇಲೆ ಮನೇಲಿ ಕೂತು ತಪ್ಪು ಹುಡುಕು.”

ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ.

ಕಂಪ್ಯೂಟರ್ ಮುಂದೆ ಕೂತೊಡನೆ ತಮ್ಮ ಹೆಸರನ್ನು ಒತ್ತಿ ಫೋಟೋಗಳನ್ನು ಕಣ್ತುಂಬಿಕೊಳ್ಳುವುದು ಮ್ಯಾನೇಜರರ ಅಭ್ಯಾಸ. ಇವತ್ತೂ ಕೈ ತಾನಾಗಿ ಅದನ್ನೇ ಒತ್ತಿತು. ಛೆ, ಕೂತದ್ದು ಇದಕ್ಕಲ್ಲವಲ್ಲ ಎಂದುಕೊಂಡು ತಟ್ಟನೆ ಅವಳ ಹೆಸರು ಒತ್ತಿದರು. ಅವಳ ಪುಟ ಬಂತು. ‘ಕೆಲಸದಿಂದ ತೆಗೆಯಿರಿ’ ಎಂಬಲ್ಲಿ ಮೌಸ್ ಇಟ್ಟು ಅವಳ ಮುಖವನ್ನೇ ನೋಡುತ್ತ ಕೂತರು. ಅವಳು ಅಳುವುದನ್ನು ನೋಡಬೇಕಿತ್ತು ಮಹಾನುಭಾವರಿಗೆ.

ಅವಳು ಅಳಲಿಲ್ಲ. ಅವರ ಕನ್ನಡಕದಲ್ಲಿ, ಪರದೆಯ ಮೇಲಿನ ಪುಟ ಬದಲಾದದ್ದು ಅವಳಿಗೆ ಕಂಡಿತು. ಈಗ ಅಲ್ಲಿ ಬರೀ ಸನ್ಮಾನದ ಫೋಟೋಗಳು.

“ಸರ್, ಪರದೆ ಒಂದ್ಸಲ ನೋಡ್ಬಿಟ್ಟು ಒತ್ತಿ.”

“ಹೋಗ್ತಾ ಹೋಗ್ತಾನೂ ಕೊಕ್ಕೆನಾ!” ಎನ್ನುತ್ತ ಒತ್ತಿಯೇಬಿಟ್ಟರು. ‘ತೆಗೆಯಲಾಗಿದೆ’ ಎಂಬ ಅಕ್ಷರ ಪರದೆ ತುಂಬ ಮೂಡಿತು. ಯಾರನ್ನು ಎಂದು ಅದೂ ಹೇಳಲಿಲ್ಲ, ಇವರೂ ಕೇಳಲಿಲ್ಲ.

ಗೆದ್ದ ಖುಷಿಯಲ್ಲಿ ಹೊರಗೆ ಹೋಗಿ ಕಾಫಿ ಕುಡಿದು ಬಂದು, ಗಾಜಿನ ಬಾಗಿಲಿಗೆ ಕಾರ್ಡ್ ಹಿಡಿದರು. ಕೆಂಪು ದೀಪ. ತಿರುಗಿಸಿ ಹಿಡಿದರು, ಅಂಗಿಗೆ ಒರೆಸಿ ಹಿಡಿದರು. ಊಹೂಂ, ಕೆಂಪೇ. ‘ಆತುರ ಬೇಡ’ ಎಂಬ ಅವರದೇ ಚೀಟಿ ಮೂಗಿನ ಮುಂದೆ ಅಂಟಿಕೊಂಡಿತ್ತು.

ಒಳಗಿನಿಂದ ಅವಳು ಬಂದು ತನ್ನ ಕಾರ್ಡ್ ಹಿಡಿದಳು. ಬಾಗಿಲು ತೆರೆಯಿತು.

“ಬನ್ನಿ ಸರ್. ಯಾರನ್ನ ನೋಡ್ಬೇಕಿತ್ತು?”