ಎರಡು ಟೈಲ್ಸ್ ಕಡಿಮೆ

“ಏಳನೇ ಕ್ಲಾಸಿಗೇ ಶಾಲೆ ಬಿಟ್ಟೋರ ಕೈಗೆ ಟೇಪು ಕೊಟ್ರೆ ಹೀಗೇ ಆಗೋದು,” ಎಂದಳು ಟೈಲ್ಸ್ ಅಂಗಡಿಯ ಲೆಕ್ಕದ ಹುಡುಗಿ, ಗಿರಾಕಿಗಳೆಲ್ಲ ಕೇಳುವಂತೆ. “ಕೋಣೆ ಬೆಳೀತಿದ್ಯಾ ಸಾರ್? ನೀರು ಗೀರು ಹಾಕ್ತಿದ್ದೀರಾ?”

ಅಂಗಡಿಗೆ ಅಂಗಡಿಯೇ ನಕ್ಕಿತು. ಸಿಮೆಂಟ್ ಹೊತ್ತು ಹೋಗುತ್ತಿದ್ದವನು ಮೂಟೆ ಇಳಿಸಿಟ್ಟು ನಕ್ಕ.

ಪಟಾಕಿಯ ಮೈ ಉರಿಯಿತು. ಅಮ್ಮ ಇಟ್ಟ ಹೆಸರು ಬೇರೆ. ಅವನು ಬೈಕ್ ರಿಪೇರಿ ಮಾಡುವ ಗ್ಯಾರೇಜಿನವರು ಇಟ್ಟ ಈ ಹೆಸರೇ ನಿಂತಿತ್ತು. ಗಿರಾಕಿಯೊಬ್ಬ ಚಿಟಿಕೆ ಹೊಡೆದು ಕರೆದನೆಂದು ಅವನ ಬೈಕಿನ ಚಕ್ರ ಬಿಚ್ಚಿಟ್ಟು ಊಟಕ್ಕೆ ಹೋಗಿಬಿಟ್ಟವನು. ಆದರೆ ಇಲ್ಲಿ ಏನೆಂದು ಸಿಡಿಯುವುದು? ಅಳತೆ ತಂದವನು ಅವನೇ. ಮುಂದಿನ ಕೋಣೆ, ಉದ್ದ ಹನ್ನೆರಡು ಅಡಿ, ಅಗಲ ಹತ್ತು. ಅವಳು ಕ್ಯಾಲ್ಕುಲೇಟರ್ ಮೇಲೆ ಟಕಟಕ ಬೆರಳಾಡಿಸಿ, ಆರು ಬಾಕ್ಸು ಸಾಕು ಎಂದಿದ್ದಳು. ಆರೂ ಮುಗಿದು, ಗೋಡೆಯ ಪಕ್ಕ ಒಂದು ಸಾಲು ಬರಿ ಸಿಮೆಂಟು ಉಳಿದಿತ್ತು.

ಅವಳ ಲೆಕ್ಕ ತಪ್ಪಲು ಸಾಧ್ಯವೇ ಇರಲಿಲ್ಲ. ಅವಳು ಹೇಳಿದ ಮೇಲೆ ಒಂದು ಟೈಲ್ಸ್ ಉಳಿಯುವುದಿಲ್ಲ, ಒಂದು ಸಾಲದೆ ಬರುವುದಿಲ್ಲ ಎಂದು ಅಂಗಡಿ ಯಜಮಾನರು ಎದೆ ತಟ್ಟಿ ಹೇಳುತ್ತಿದ್ದರು. ಅಷ್ಟು ಕರಾರುವಾಕ್ಕು. ಲೆಕ್ಕ ಹಾಕುವ ಮುಂಚೆ ನೂರೆಂಟು ಪ್ರಶ್ನೆ. ಬಿಲ್ಲಿಗೆ ನಿಜವಾದ ಹೆಸರೇನು? ಓದು ಎಲ್ಲಿವರೆಗೆ? ಟೇಪು ಓದಲು ಬರಬೇಕಲ್ಲ. ಮನೆಯಲ್ಲಿ ಎಷ್ಟು ಜನರ ಓಡಾಟ? ಚಿಕ್ಕ ಮಕ್ಕಳಿದ್ದಾರಾ? ಇದ್ದರೆ ಜಾರದಂಥದ್ದು ಬೇಕು. “ನಾನು, ನಮ್ಮಮ್ಮ, ಇಬ್ರೇ,” ಎಂದು ಪಟಾಕಿ ಸಿಡುಕಿದ್ದ. “ಮೊದಲು ಟೈಲ್ಸ್ ಕೊಡಿ, ಜನಗಣತಿ ಆಮೇಲೆ.”

ಈಗ ಅವಳು ಮತ್ತೆ ಟಕಟಕ ಒತ್ತಿದಳು. “ಇನ್ನೊಂದು ಬಾಕ್ಸ್. ಈ ಸಲ ಗೋಡೆ ತಳ್ಳಬೇಡಿ.”

ಮೇಸ್ತ್ರಿ ಅದನ್ನೂ ಹಾಸಿದ. ಬಾಗಿಲ ಮೂಲೆಯಲ್ಲಿ ಎರಡು ಟೈಲ್ಸಿನ ಜಾಗ ಹಲ್ಲು ಬಿದ್ದ ಬಾಯಿಯಂತೆ ಉಳಿಯಿತು. ತಾನು ಹಾಸುವವನು, ಎಣಿಸುವವನಲ್ಲ ಎಂದು ಹೇಳಿ ಅವನು ಟೀ ಕುಡಿಯಲು ಹೋದ.

ಪಟಾಕಿ ಟೇಪು ಹಿಡಿದು ನೆಲದ ಮೇಲೆ ಕೂತ. ಹನ್ನೆರಡು. ಹತ್ತು. ಮತ್ತೆ ಅಳೆದ. ಕೋಣೆ ಬೆಳೆದಿರಲಿಲ್ಲ.

ಹೊಲಿಗೆ ಯಂತ್ರವನ್ನು ಅಡುಗೆಮನೆಗೆ ಎಳೆದುಕೊಂಡು ಕೂತಿದ್ದ ಅಮ್ಮ ಅಲ್ಲಿಂದಲೇ ಕೂಗಿದರು. “ಹನ್ನೆರಡ್ಹತ್ಲ ನೂರಿಪ್ಪತ್ತು ಕಣೋ. ಒಂದು ಬಾಕ್ಸು ಎಷ್ಟು ಚದರಡಿ ಅಂತ ಅದರ ಮೇಲೇ ಇರುತ್ತಲ್ಲ, ನೋಡು.”

ಹದಿನಾರು. ಆರು ಬಾಕ್ಸಿಗೆ ತೊಂಬತ್ತಾರು. ಏಳಕ್ಕೆ ನೂರ ಹನ್ನೆರಡು. ಎಂಟು ಬೇಕಿತ್ತು. ಮೊದಲ ದಿನವೇ ಎಂಟು ಬೇಕಿತ್ತು.

ತಪ್ಪು ಟೇಪಿನದಲ್ಲ, ಏಳನೇ ಕ್ಲಾಸಿನದೂ ಅಲ್ಲ. ಅವಳದು. ಪಟಾಕಿಗೆ ಕುಣಿಯುವಂತಾಯಿತು. ಬನಿಯನ್ನಿನಲ್ಲೇ ಓಡಿದವನು ಅರ್ಧ ದಾರಿಯಿಂದ ವಾಪಸು ಬಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟ, ತಲೆ ಬಾಚಿಕೊಂಡ. ಒಬ್ಬರ ಮಾನ ಹರಾಜು ಹಾಕಲು ಹೋಗುವಾಗ ನೋಡಲು ಚೆನ್ನಾಗಿರಬೇಕು.

ಅಂಗಡಿ ತುಂಬಿತ್ತು. ಇನ್ನೂ ಒಳ್ಳೆಯದೇ ಆಯಿತು. ಈ ಅಂಗಡಿಯಲ್ಲಿ ಯಾರಿಗೋ ಮಗ್ಗಿ ಬರುವುದಿಲ್ಲ ಎಂದು ಬಾಗಿಲಲ್ಲೇ ಸಾರಿದ. ಎಲ್ಲರೂ ತಿರುಗಿದರು. ಯಜಮಾನರ ಮುಖ ಬಿಗಿಯಿತು.

“ತಪ್ಪು ಇವಳದಾದ್ರೆ ಇವತ್ತೇ ಕೆಲಸದಿಂದ ಬಿಡಿಸ್ತೀನಿ. ನಿಂದಾದ್ರೆ ಇಷ್ಟು ಜನರ ಮುಂದೆ ಒಪ್ಕೋಬೇಕು. ಹೇಳಪ್ಪ, ಯಾರದು?”

ಪಟಾಕಿ ಗಂಟಲು ಸರಿಮಾಡಿಕೊಂಡ. ನೂರಿಪ್ಪತ್ತು ನಾಲಿಗೆಯ ತುದಿಗೆ ಬಂದಿತ್ತು.

ಅವಳು ಬಗ್ಗಿ, ತನ್ನ ಕುರ್ಚಿಯ ಅಡಿಯಿಂದ ಒಂದು ಬಾಕ್ಸು ಎಳೆದು ಮೇಜಿನ ಮೇಲಿಟ್ಟಳು. ಎಂಟನೆಯದು. ಮೊದಲ ದಿನದಿಂದ ಅಲ್ಲೇ ಇದ್ದು ಧೂಳು ಹಿಡಿದಿತ್ತು. ಧೂಳಿನ ಕೆಳಗೆ ಸೀಮೆಸುಣ್ಣದಲ್ಲಿ ಅವನ ಹೆಸರು. ಪಟಾಕಿ ಎಂದಲ್ಲ, ಅಮ್ಮ ಇಟ್ಟ ಹೆಸರು.

“ಅಡುಗೆಮನೆ ಅಳತೆ ಯಾವಾಗ ತರ್ತೀರಾ?” ಎಂದಳು, ಅವನಿಗಷ್ಟೇ ಕೇಳುವಂತೆ. “ಅದನ್ನೂ ತಪ್ಪಾಗೇ ಗುಣಿಸ್ತೀನಿ.”

ಯಜಮಾನರು ಇನ್ನೊಮ್ಮೆ ಕೇಳಿದರು, ಯಾರದು ತಪ್ಪು ಎಂದು. ಹಿಂದೆ ಯಾರೋ “ಏಳನೇ ಕ್ಲಾಸು” ಎಂದರು. ಇಡೀ ಅಂಗಡಿ ಮತ್ತೆ ನಕ್ಕಿತು.

ಪಟಾಕಿ ತಪ್ಪು ತನ್ನದೇ ಎಂಬಂತೆ ತಲೆ ಕೆರೆದುಕೊಂಡು ಹೊರಟುಹೋದ, ಬಾಕ್ಸನ್ನು ಬೇಕೆಂದೇ ಅಲ್ಲೇ ಮರೆತು.