ದಿಬ್ಬದ ಮೇಲಿನ ಗಾಳಿ ವಾಲ್

ಪಂಪ್‌ಹೌಸಿನಲ್ಲಿ ಒತ್ತಡದ ಮುಳ್ಳು ಕೆಂಪು ಗೆರೆಗೆ ಬಂದು ನಿಂತಿತ್ತು. ದಿಬ್ಬದಾಚೆ, ಪೈಪಿನ ಕೊನೆಯ ಬಾಯಲ್ಲಿ ಮಾತ್ರ ಒಂದು ಹನಿ ನೀರಿಲ್ಲ.

“ಏರು ಭಾಳ ಅದ, ಆಫ್ರೀನ. ನೀರು ಹತ್ತಂಗಿಲ್ಲ,” ಎಂದು ಎಂಜಿನಿಯರ್ ಶಿರೀಷ ಗಡಿಯಾರ ನೋಡಿಕೊಂಡ. “ನಾಲ್ಕಕ್ಕ ಪಂಪ್ ಬಂದ್ ಮಾಡ್ತೇನಿ. ಆಚಿ ಬಾಯಿ ಮುಚ್ಚೂ ಪ್ಲೇಟ್ ಜಡಿಸಿ, ದಿಬ್ಬದಾಚಿನ ಹನ್ನೊಂದು ಹೊಲಕ್ಕ ಈ ಲೈನಿನಿಂದ ನೀರು ಆಗೂದಿಲ್ಲ ಅಂತ ಬರದುಕೊಂಡು ಬಾಗಲಕೋಟಿಗೆ ಹೋಗ್ತೇನಿ.”

ಆ ಲೈನಿನ ಒಂದೊಂದು ವಾಲನ್ನೂ ಕೂಡಿಸಿದ ಫಿಟರ್ ಆಫ್ರೀನಳೇ. ಪಂಪಿನ ಮಗ್ಗುಲಿಗೆ, ಮೇಲೆ ಹೋದ ನೀರು ಹಿಂದಕ್ಕೆ ಬೀಳದಂತೆ ತಡೆಯುವ ಎನ್‌ಆರ್‌ವಿ. ಅದರ ಮುಂದೆ ನೀರು ಬಿಡಲು, ನಿಲ್ಲಿಸಲು ಚಕ್ರದ ಗೇಟ್ ವಾಲ್. ಹಳ್ಳದ ತಗ್ಗಿನಲ್ಲಿ ಕೆಸರು ತೊಳೆದುಬಿಡುವ ಇನ್ನೊಂದು. ಮುಂಜಾನೆಯಿಂದ ಅವನ್ನೆಲ್ಲ ಎರಡೆರಡು ಸಲ ಮುಟ್ಟಿ ನೋಡಿ ಬಂದಿದ್ದಳು. ನೋಡದೆ ಉಳಿದದ್ದು ದಿಬ್ಬದ ನೆತ್ತಿಯ ಮೇಲಿನ ಗಾಳಿ ವಾಲ್ ಒಂದೇ.

“ಸರ್, ಮುಳ್ಳು ಏರೇತಿ ಅಂದ್ರ ನೀರಿಗೆ ತಾಕತ್ತು ಐತಿ. ನಡುವ ಏನೋ ಅಡ್ಡ ಕುಂತೈತಿ. ಗಾಳಿ ವಾಲ್ ನೋಡಿ ಬರ್ತೇನಿ.”

“ಹೋದ ವಾರ ಅರ್ಧ ಲೈನ್ ತುಂಬಿಸಿದ ಟ್ರಯಲ್‌ನ್ಯಾಗ ಅದು ಛಲೋ ಇತ್ತಲ್ಲ?”

“ಹೋದ ವಾರದ ಮಾತು ಹೋದ ವಾರಕ್ಕ ಆತ್ರಿ ಸರ್. ನಾಲ್ಕರ ತನಕ ಪಂಪ್ ಮುಟ್ಟಬ್ಯಾಡ್ರಿ ಮತ್ತ!” ಎನ್ನುತ್ತ ಅವಳು ನಟ್ಟು ಬಿಚ್ಚುವ ಪಾನೆಗಳ ಚೀಲ ಹೆಗಲಿಗೇರಿಸಿ ಓಡಿಯೇ ಬಿಟ್ಟಳು.

ದಿಬ್ಬದ ಮೇಲೆ, ವಾಲಿನ ಪಕ್ಕದಲ್ಲೇ ಮುದುಕಿ ಬೋರವ್ವ ಕಾಲು ಚಾಚಿ ಕುಳಿತಿದ್ದಳು. ದಿಬ್ಬ ಇಳಿದೊಡನೆ ಸಿಗುವ ಮೊದಲನೇ ಹೊಲ ಅವಳದು; ಪೈಪಿನ ಬಾಯಿ ಇರುವುದೂ ಅಲ್ಲೇ, ಉಳಿದ ಹೊಲಗಳಿಗೆ ಕಾಲುವೆ ಹೊರಡುವುದೂ ಅಲ್ಲಿಂದಲೇ. ವಾಲನ್ನು ನೋಡಿ ಆಫ್ರೀನ ನಿಂತಲ್ಲೇ ನಿಂತಳು. ಉಪ್ಪಿನಕಾಯಿ ಭರಣಿಯ ಬಾಯಿ ಕಟ್ಟಿದ ಹಾಗೆ ಯಾರೋ ಅದರ ತಲೆಯನ್ನು ಬಿಗಿದು ಕಟ್ಟಿದ್ದರು.

“ಇದನ್ನ ಯಾರು ಕಟ್ಟಿದ್ದು, ಆಯಿ?”

“ನಾನಽ!” ಬೋರವ್ವನ ಮುಖ ಅರಳಿತು. “ಹೋದ ವಾರ ಬುಸ್ ಬುಸ್ ಅಂತ ಉಗುಳಾಕತ್ತಿತ್ತು. ನೀರು ದಂಡ ಆಗ್ತಾವಂತ ನನ್ನ ಇಳಕಲ್ ಸೀರಿ ಸೆರಗ ಹರದು ತುರುಕಿ, ಮ್ಯಾಲೆ ಟ್ರ್ಯಾಕ್ಟರ್ ಟ್ಯೂಬ್ ಬಿಗದೇನಿ. ಈಗ ಹನಿ ಹೊರಗ ಬರಂಗಿಲ್ಲ, ನೋಡು!”

“ಹೊರಗೂ ಬರಂಗಿಲ್ಲ, ಮುಂದಕ್ಕೂ ಹೋಗಂಗಿಲ್ಲ!” ಆಫ್ರೀನಳಿಗೆ ನಗು ಅಳು ಎರಡೂ ಒಟ್ಟಿಗೇ ಬಂದವು.

“ಅಯ್ಯ, ವಾಲ್ ಅಂದ್ರ ತಡಿಯೂದಲ್ಲನ ಯವ್ವಾ?”

“ಎಲ್ಲಾ ಅಲ್ಲ ಆಯಿ. ಇದರ ಕೆಲಸ ಬಿಡೂದು. ಪೈಪು ತುಂಬೂ ಮುಂದ ಒಳಗಿನ ಗಾಳಿ ಇಲ್ಲಿಂದ ಹೊರಗ ಹೋಗಬೇಕು. ಹೋಗದಿದ್ರ ಅದು ನೆತ್ತಿ ಮ್ಯಾಲೆ ಕುಂತು ನೀರಿಗೆ ದಾರಿ ಬಿಡೂದಿಲ್ಲ. ನಿನ್ನ ಹೊಲದ ನೀರು ಇಲ್ಲೇ ಕೆಳಗ ಬಂದು ನಿಂತೈತಿ!”

“ಯಪ್ಪಾ ಶಿವನ! ನನ್ನ ಹೊಲಕ್ಕ ನಾನಽ ಅಡ್ಡ ಕುಂತೆನಾ?” ಎನ್ನುತ್ತ ಬೋರವ್ವ ಎರಡೂ ಕೈಯಿಂದ ಟ್ಯೂಬು ಕೀಳಲು ಹೋದಳು. ಆಫ್ರೀನ ಅವಳ ರಟ್ಟೆ ಹಿಡಿದು ಹಿಂದಕ್ಕೆ ಎಳೆದಳು. “ಕೈ ಹಚ್ಚಬ್ಯಾಡ! ಸಿಡದು ಮಾರಿಗೆ ಬಡೀತೈತಿ!”

ಗಾಳಿ ವಾಲಿನ ಬುಡದಲ್ಲಿ ಒಂದು ಸಣ್ಣ ಗೇಟ್ ವಾಲ್ ಇತ್ತು. ಮೇಲಿನದನ್ನು ರಿಪೇರಿ ಮಾಡುವಾಗ ಮುಚ್ಚಲೆಂದೇ ಇಟ್ಟದ್ದು. ಅದನ್ನು ಪೂರ್ತಿ ಬಿಗಿ ಮಾಡಿ, ಬೋರವ್ವನ ಕುಡಗೋಲಿನಿಂದ ಟ್ಯೂಬು ಕೊಯ್ದು, ಕೆಂಪು ಸೆರಗನ್ನು ಗೇಣು ಗೇಣಾಗಿ ಎಳೆದು ತೆಗೆದಳು. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

“ಐದು ಮಿನಿಟ್ ಉಳದದ, ಆಫ್ರೀನ.”

“ಅಷ್ಟ ಸಾಕ್ರಿ ಸರ್!”

ಸಣ್ಣ ಚಕ್ರವನ್ನು ಕಾಲು ಸುತ್ತು ಬಿಟ್ಟಳು. ಸುಂಯ್ ಎಂದಿತು. ಅರ್ಧ ಸುತ್ತು. ಗಾಳಿ ಭೋರೆಂದು ಮೇಲೆದ್ದಿತು. ಕುರುಚಲಿನೊಳಗಿಂದ ಕವುಜುಗ ಹಕ್ಕಿಗಳು ಪಟಪಟನೆ ಹಾರಿದವು. ಬೋರವ್ವ ಎರಡೂ ಕಿವಿ ಮುಚ್ಚಿಕೊಂಡಳು. ಗಾಳಿ, ಗಾಳಿ, ಮತ್ತೂ ಗಾಳಿ. ಮುಗಿಯುವುದೇ ಇಲ್ಲವೇನೋ ಎನ್ನುವಾಗ ಮುಖಕ್ಕೆ ತಣ್ಣನೆಯ ತುಂತುರು ಬಡಿಯಿತು. ವಾಲಿನ ಒಳಗಿನ ಚೆಂಡು ನೀರಿನ ಜೊತೆ ಮೇಲೆದ್ದು ಟಕ್ಕೆಂದು ಬಾಯಿ ಮುಚ್ಚಿಕೊಂಡಿತು. ಎಲ್ಲ ಗಪ್ಪಾಯಿತು. ಆಮೇಲೆ ಅವರ ಕಾಲ ಕೆಳಗೆ ಪೈಪು ಗುಡುಗುಡು ಎನ್ನುತ್ತ ಇಳಿಜಾರು ಹಿಡಿಯಿತು.

“ಹೊಂಟ್ವು! ನೀರು ಹೊಂಟ್ವು!” ಬೋರವ್ವ ಸೀರೆ ಎತ್ತಿ ಕಟ್ಟಿ ಓಡಿದಳು. ಅವಳನ್ನು ಹಿಡಿಯುವುದು ಆಫ್ರೀನಳಿಗೂ ಆಗಲಿಲ್ಲ. ಅವರು ಹೊಲ ಮುಟ್ಟುವುದಕ್ಕೂ ಪೈಪಿನ ಬಾಯಿ ಎರಡು ಸಲ ಕೆಮ್ಮಿ, ಕೆಸರು ಉಗುಳಿ, ತೊಡೆ ದಪ್ಪದ ನೀರನ್ನು ಎರೆ ಮಣ್ಣಿಗೆ ಎತ್ತಿ ಹಾಕುವುದಕ್ಕೂ ಸರಿಹೋಯಿತು.

ಮತ್ತೆ ಫೋನು. “ಮುಳ್ಳು ಇಳೀತಲ್ಲ! ಪೈಪ್ ಒಡೀತೇನು?”

“ಒಡದಿಲ್ರಿ ಸರ್, ಬಂತು! ಆ ಪ್ಲೇಟ್ ವಾಪಸ್ ಗಾಡ್ಯಾಗ ಒಗೀರಿ!”

ಫೋನು ಇಟ್ಟು ತಿರುಗಿ ನೋಡಿದರೆ, ಬೋರವ್ವ ಪೈಪಿನ ಬಾಯಿಯ ಗೇಟ್ ವಾಲಿನ ಚಕ್ರಕ್ಕೆ ಜೋತುಬಿದ್ದು ಭರಭರ ಮುಚ್ಚುತ್ತಿದ್ದಳು. ನೀರು ಆಗಲೇ ಅರ್ಧಕ್ಕೆ ಇಳಿದಿತ್ತು.

“ಆಯಿ! ಏನ್ ಮಾಡಾಕತ್ತಿ?”

“ನೀರೆಲ್ಲಾ ಮಣ್ಣಾಗ ಹೊಂಟಾವಲ್ಲ ಯವ್ವಾ!”

“ಅದು ನಿನ್ನ ಹೊಲದ ಮಣ್ಣು, ಆಯಿ.”

ಬೋರವ್ವನ ಕೈಗಳು ನಿಂತವು. ನೀರನ್ನು ನೋಡಿದಳು, ಅದು ಹೋಗುತ್ತಿದ್ದ ಸಾಲನ್ನು ನೋಡಿದಳು. ಆಮೇಲೆ ಚಕ್ರವನ್ನು ಇನ್ನೊಂದು ಕಡೆಗೆ ತಿರುಗಿಸತೊಡಗಿದಳು. ವಾಲ್ ಪೂರ್ತಿ ತೆರೆದು, ಚಕ್ರ ಇನ್ನು ಜಗ್ಗದು ಎನ್ನುವಲ್ಲಿಗೆ ಬಂದರೂ ಅವಳು ತಿರುಗಿಸುವುದನ್ನು ಬಿಡಲಿಲ್ಲ.